ಲೊರೆಶೋದಲ್ಲಿ ಒಂದು ಸಾಲಿನ ನಿರ್ಣಯ

ನಮ್ಮ ಭಾವ ಶಾಸಕರಾಗಿ ನೈರೋಬಿಗೆ ಬರುತ್ತಾರೆಂದು ಗೊತ್ತಾದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಪಂಗಾನಿಯ ಗಿರಣಿಗೆ ಹೋಗಿ ಐದು ಕಿಲೋ ರಾಗಿ ಬೀಸಿಸಿಕೊಂಡು ಬಂದದ್ದು. ಇಲ್ಲಿಯವರು ರಾಗಿಗೆ ವಿಂಬಿ ಎನ್ನುತ್ತಾರೆ, ಗಂಜಿ ಕಾಯಿಸಿ ಮಕ್ಕಳಿಗೆ ಕುಡಿಸುತ್ತಾರೆ. ನಾವು ಅದನ್ನು ಉಂಡೆ ಕಟ್ಟಿ ಅಗಿಯದೆ ನುಂಗುತ್ತೇವೆ ಎಂದು ನಾನು ಎಷ್ಟು ಸಲ ಹೇಳಿದರೂ ಗಿರಣಿಯವನು ನಗುತ್ತಾನೆ. ಹನ್ನೊಂದು ವರ್ಷದಿಂದ ನಾನು ಅವನ ಗಿರಾಕಿ, ಅವನು ಇನ್ನೂ ನಂಬಿಲ್ಲ.

ಭಾವ ಎಂದರೆ ನನ್ನ ಒಡಹುಟ್ಟಿದ ಅಕ್ಕನ ಗಂಡ. ಸರ್ಕಾರದ ಖರ್ಚಿನಲ್ಲಿ ಹೈನುಗಾರಿಕೆ ಅಧ್ಯಯನ ಪ್ರವಾಸಕ್ಕೆ ಹನ್ನೆರಡು ಜನ ಶಾಸಕರ ತಂಡ ಹೊರಟಿತ್ತು, ಅದರಲ್ಲಿ ಇವರೂ ಒಬ್ಬರು. ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ದಿನ ಹಸು ನೋಡುವುದು, ನಾಲ್ಕು ದಿನ ಸಿಂಹ ನೋಡುವುದು ಎಂದಿತ್ತು. ಸಿಂಹದ ಹಾಲು ಯಾವ ಡೇರಿಗೆ ಹಾಕುತ್ತಾರಂತೆ ಎಂದು ನಾನು ಕೇಳಿದೆ. "ಬಾಯಿ ಸ್ವಲ್ಪ ಬಿಗಿ ಹಿಡ್ಕೋ ಮಾರಾಯ್ತಿ, ಮನೆಗೆ ಬರೋ ನೆಂಟರು" ಎಂದರು ನನ್ನ ಗಂಡ. ಅವರು ಇಲ್ಲಿನ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಮಾತಿಗೆ ಮುಂಚೆ ಅಳೆದು ತೂಗುವುದು ಅವರ ಕಸುಬು, ನನ್ನದಲ್ಲ. ನಾನು ಲ್ಯಾವಿಂಗ್ಟನ್ನಿನ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು, ತಪ್ಪು ಕಂಡರೆ ಅಲ್ಲೇ ಕೆಂಪು ಗೆರೆ ಎಳೆದು ಅಭ್ಯಾಸ.

ಭಾವನ ವಿಷಯ ಹೇಳಬೇಕೆಂದರೆ ಮೂವತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು. ಅಕ್ಕನನ್ನು ನೋಡಲು ಅವರು ಬಂದಾಗ ನನಗೆ ಹದಿನಾಲ್ಕು. ಜೊತೆಗೆ ಅವರ ಅಪ್ಪ, ಅಮ್ಮ ಮತ್ತು ದೊಡ್ಡಪ್ಪ ಬಂದಿದ್ದರು. ದೊಡ್ಡಪ್ಪನದೇ ಆ ಮನೆಯಲ್ಲಿ ಕೊನೆಯ ಮಾತು. ಏನು ಕೇಳಿದರೂ ಮೊದಲು ಬೇಡ ಎನ್ನುವ ಆಸಾಮಿ. ಕಾಫಿಗೆ ಇನ್ನೊಂದು ಚೂರು ಸಕ್ಕರೆ ಬೇಕೇ ಎಂದು ಅಮ್ಮ ಕೇಳಿದ್ದಕ್ಕೂ ಬೇಡ ಎಂದು, ಆಮೇಲೆ ತಾವೇ ಡಬ್ಬಿಗೆ ಕೈ ಹಾಕಿ ಎರಡು ಚಮಚ ಹಾಕಿಕೊಂಡರು. ನಾನೂ ಅಕ್ಕನೂ ನಡುಮನೆಯ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದೆವು. ನಮ್ಮಪ್ಪ ನೇರ ಮನುಷ್ಯ. ಸುತ್ತುಬಳಸಿ ಮಾತಾಡದೆ ಹುಡುಗನನ್ನೇ ಕೇಳಿಬಿಟ್ಟರು: "ಏನಪ್ಪಾ, ಹುಡುಗಿ ಒಪ್ಪಿಗೆನಾ?"

ಭಾವ ಕೈಯಲ್ಲಿದ್ದ ಖಾಲಿ ಲೋಟದ ತಳ ನೋಡುತ್ತ, "ದೊಡ್ಡವರು ಹೇಳಿದ ಹಾಗೆ" ಎಂದರು.

ದೊಡ್ಡವರು ಹೂಂ ಎಂದರು, ಮದುವೆಯಾಯಿತು. ಆದರೆ ಬಾಗಿಲ ಹಿಂದೆ ಅಕ್ಕ ನನ್ನ ರಟ್ಟೆ ಹಿಡಿದು ಹಿಂಡಿದ್ದು ನನಗೆ ಇನ್ನೂ ನೆನಪಿದೆ. "ಒಪ್ಪಿಗೆ ಅಂತ ಒಂದು ಮಾತು ಆ ಬಾಯಲ್ಲಿ ಬರ್ಲಿಲ್ಲ ಕಣೇ" ಎಂದು ಅವಳು ಅಂದು ಶುರು ಮಾಡಿದ್ದನ್ನು ಇವತ್ತಿನವರೆಗೆ ನಿಲ್ಲಿಸಿಲ್ಲ. ಮಗನ ಹೆಸರಿಡುವಾಗ, ಮನೆಗೆ ಬಣ್ಣ ಹೊಡೆಸುವಾಗ, ಸೀರೆ ಅಂಗಡಿಯಲ್ಲಿ ಎರಡು ಸೀರೆ ಹಿಡಿದು ಯಾವುದು ಎಂದಾಗ, ಭಾವ "ನಿಂಗೆ ಹೇಗನ್ಸುತ್ತೋ ಹಾಗೆ" ಎನ್ನುವುದು, ಅಕ್ಕ ಆ ಹಳೆಯ ಲೋಟದ ಕಥೆ ತೆಗೆಯುವುದು. ಭಾವನಂಥ ಸಾಧು ಮನುಷ್ಯ ಸಿಗುವುದಿಲ್ಲ, ಅದನ್ನು ಅಕ್ಕನೂ ಒಪ್ಪುತ್ತಾಳೆ. ಆದರೆ ಅವಳಿಗೆ ಬೇಕಾಗಿದ್ದದ್ದು ಸಾಧುತನವಲ್ಲ, ಒಂದು ಮಾತು.

ಇಂಥವರು ಶಾಸಕರಾದದ್ದು ಹೇಗೆ ಎಂದರೆ ಇಂಥವರಾಗಿದ್ದಕ್ಕೇ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಅರ್ಧ ತಾಲ್ಲೂಕಿಗೆ ಕಾಗುಣಿತ ತಿದ್ದಿದವರು. ಅಲ್ಲಿ ಅವರ ಪಕ್ಷದ ಎರಡು ಗುಂಪುಗಳು ಟಿಕೆಟ್ಟಿಗಾಗಿ ಕುತ್ತಿಗೆ ಪಟ್ಟಿ ಹಿಡಿದುಕೊಂಡು, ಕೊನೆಗೆ ಯಾರಿಗೂ ಬೇಡವೆನ್ನಿಸದ ಒಬ್ಬ ಮನುಷ್ಯನನ್ನು ಹುಡುಕಿದಾಗ ಸಿಕ್ಕವರು ಇವರು. "ಮೇಷ್ಟ್ರೇ, ನೀವೇ ನಿಲ್ಬೇಕು" ಎಂದರು. "ನೀವು ಹೇಳಿದ ಹಾಗೆ" ಎಂದರು ಭಾವ. ಗೆದ್ದೂ ಬಿಟ್ಟರು. ಪಕ್ಷ ಯಾವುದೆಂದು ನಾನು ಹೇಳುವುದಿಲ್ಲ. ವಿರೋಧ ಪಕ್ಷದ ಸಾಲಿನಲ್ಲಿ ಕೂತಿತ್ತು ಎಂದರೆ ಸಾಕು.

ಆ ಪಕ್ಷದಲ್ಲೊಂದು ಪದ್ಧತಿ. ಶಾಸಕಾಂಗ ಪಕ್ಷದ ನಾಯಕನನ್ನು ಶಾಸಕರೇ ಆರಿಸಬೇಕೆಂಬುದು ನಿಯಮ. ಆದ್ದರಿಂದ ಶಾಸಕರೆಲ್ಲ ಸಭೆ ಸೇರುತ್ತಾರೆ, ಇಡ್ಲಿ ವಡೆ ತಿನ್ನುತ್ತಾರೆ, ಆಮೇಲೆ "ನಾಯಕರ ಆಯ್ಕೆಯನ್ನು ಹೈಕಮಾಂಡಿನ ತೀರ್ಮಾನಕ್ಕೆ ಬಿಡಲಾಗಿದೆ" ಎಂದು ಒಂದೇ ಒಂದು ಸಾಲು ಬರೆದು, ಕೆಳಗೆ ಎಲ್ಲರೂ ಸಹಿ ಹಾಕಿ ಮನೆಗೆ ಹೋಗುತ್ತಾರೆ. ಇದಕ್ಕೆ ಒಂದು ಸಾಲಿನ ನಿರ್ಣಯ ಎಂದು ಹೆಸರು. ಹೋದ ಸಲ ಆ ಸಾಲನ್ನು ಬರೆದವರು ನಮ್ಮ ಭಾವ. ಅಕ್ಷರ ದುಂಡಗಿದೆ ಎಂದು ಅವರ ಕೈಗೇ ಪೆನ್ನು ಕೊಟ್ಟಿದ್ದರಂತೆ. ಪತ್ರಿಕೆಯಲ್ಲಿ ಆ ಕಾಗದದ ಫೋಟೋ ಬಂದ ದಿನ ಅಕ್ಕ ನನಗೆ ಫೋನ್ ಮಾಡಿ, "ನೋಡಿದ್ಯೇನೇ? ನನ್ನ ನೋಡೋಕೆ ಬಂದಾಗ ಬಾಯಲ್ಲಿ ಹೇಳಿದ್ದನ್ನ ಈಗ ಬರೆದೂ ಕೊಟ್ಟವ್ರೆ ಮಹಾನುಭಾವರು" ಎಂದು ಅರ್ಧ ಗಂಟೆ ಕುದ್ದಳು.

ಇಷ್ಟು ಪೀಠಿಕೆ. ಇನ್ನು ನೈರೋಬಿ.

ತಂಡ ಬಂದಿಳಿದು ಹಸು ನೋಡಿ ಮುಗಿಸಿದ ಮಾರನೆಯ ದಿನ, ಶುಕ್ರವಾರ, ಬೆಂಗಳೂರಿನಲ್ಲಿ ಆ ಪಕ್ಷದ ನಾಯಕರು ಯಾವುದೋ ಸಿಟ್ಟಿಗೆ ರಾಜೀನಾಮೆ ಬಿಸಾಕಿದರು. ಭಾನುವಾರದೊಳಗೆ ಹೊಸ ನಾಯಕ ಬೇಕು. ಕುರ್ಚಿಗೆ ಇಬ್ಬರು ನಿಂತರು. ಹೆಸರುಗಳು ನಿಮಗೂ ಬೇಡ ನನಗೂ ಬೇಡ, ಒಬ್ಬರನ್ನು ಹಿರಿಯರು, ಇನ್ನೊಬ್ಬರನ್ನು ಕಿರಿಯರು ಎಂದುಕೊಳ್ಳೋಣ. ಕಿರಿಯರಿಗೆ ಅರವತ್ತೆರಡು ವರ್ಷ. ಜಗಳ ಎಷ್ಟು ಜೋರಾಯಿತೆಂದರೆ ಈ ಸಲ ಒಂದು ಸಾಲಿನ ನಿರ್ಣಯ ನಡೆಯುವುದಿಲ್ಲ, ದಿಲ್ಲಿಯಿಂದ ವೀಕ್ಷಕರು ಬಂದು ಒಬ್ಬೊಬ್ಬ ಶಾಸಕನನ್ನೂ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳುತ್ತಾರೆ ಎಂದು ತೀರ್ಮಾನವಾಯಿತು. ನೈರೋಬಿಯ ತಂಡದಲ್ಲಿ ಆ ಪಕ್ಷದವರು ಮೂವರು. ಉಳಿದವರು ಸಿಂಹದ ಅಧ್ಯಯನಕ್ಕೆ ಮಾರಾ ಕಾಡಿನ ಕಡೆ ಹೊರಟರು, ಈ ಮೂವರು ವಾಪಸು ಹೋಗಲು ವಿಮಾನ ಹುಡುಕಿದರು. ಸೋಮವಾರದವರೆಗೆ ಸೀಟಿಲ್ಲ. ಹಾಗಾದರೆ ಭಾನುವಾರ ಅಲ್ಲಿನ ಎರಡು ಗಂಟೆಯ ಮೇಲೆ, ಅಂದರೆ ಇಲ್ಲಿನ ಹನ್ನೊಂದೂವರೆಯ ಮೇಲೆ, ಫೋನಿನಲ್ಲೇ ಕೇಳುತ್ತೇವೆ ಎಂದರಂತೆ ವೀಕ್ಷಕರು. ಹೋಟೆಲಿನ ಬ್ರೆಡ್ಡು ತಿಂದು ಮೂವರ ನಾಲಿಗೆಯೂ ಸತ್ತುಹೋಗಿತ್ತು. ಭಾನುವಾರದ ಊಟಕ್ಕೆ ಲೊರೆಶೋದ ನಮ್ಮ ಮನೆಗೇ ಬನ್ನಿ, ಫೋನೂ ಇಲ್ಲೇ ಬರಲಿ ಎಂದು ನನ್ನ ಗಂಡ ಕರೆದುಬಿಟ್ಟರು. ನನ್ನನ್ನು ಒಂದು ಮಾತು ಕೇಳಿದರೇ? ಇಲ್ಲ.

ಶನಿವಾರ ಸಂಜೆ ಅಕ್ಕನ ಫೋನು. ಎರಡೂ ಗುಂಪಿನವರು ಅವಳ ಮನೆಗೆ ಬಂದುಹೋಗಿದ್ದರು. ಮೇಷ್ಟ್ರು ನಮ್ಮ ಕಡೆ ತಾನೇ ಎಂದು ಇಬ್ಬರೂ ಕೇಳಿ, ಗೆದ್ದರೆ ಮೇಷ್ಟ್ರೇ ವಿರೋಧ ಪಕ್ಷದ ಮುಖ್ಯ ಸಚೇತಕರು ಎಂದು ಇಬ್ಬರೂ ಹೇಳಿ, ಇಬ್ಬರೂ ಒಂದೊಂದು ಡಬ್ಬ ಮೈಸೂರು ಪಾಕು ಇಟ್ಟು ಹೋಗಿದ್ದರು. ಸಚೇತಕ ಎಂದರೆ ಪಕ್ಷದ ಶಾಸಕರನ್ನು ಗದರಿಸಿ ಸದನಕ್ಕೆ ಕೂರಿಸುವವನು. ನಮ್ಮ ಭಾವ ಬೆಕ್ಕನ್ನು ಕೂಡ ಗದರಿದವರಲ್ಲ.

"ಯಾರಿಗೆ ಹೇಳ್ತಾರಂತೆ?" ಎಂದೆ.

"ಇಬ್ರಿಗೂ ‘ಆಯ್ತು, ನೋಡೋಣ’ ಅಂದವ್ರೆ. ನಾಳೆ ಏನಂತಾರೆ ನಂಗೆ ಗೊತ್ತಿಲ್ವಾ? ‘ಹೈಕಮಾಂಡ್ ಹೇಳಿದ ಹಾಗೆ.’ ನೋಡು, ನಂಗೆ ಹಿರಿಯರೂ ಒಂದೇ ಕಿರಿಯರೂ ಒಂದೇ. ಆ ಸಚೇತಕನ ಕಾರೂ ಬೇಡ, ಏನೂ ಬೇಡ. ಈ ಜನ್ಮದಲ್ಲಿ ಒಂದ್ಸಲ, ಒಂದೇ ಒಂದ್ಸಲ, ಬಾಯಿ ಬಿಟ್ಟು ಒಂದು ಹೆಸರು ಹೇಳ್ಲಿ. ನಾಳೆನೂ ಲೋಟದ ತಳ ನೋಡಿದ್ರೋ, ನಾನು ಮನೆ ಬಾಗಿಲು ತೆಗ್ಯೋದಿಲ್ಲ. ವಿಧಾನಸೌಧದ ಮೆಟ್ಲ ಮೇಲೇ ಮಲಕ್ಕೊಳ್ಳಲಿ. ನಿನ್ನ ಮನೇಲಿ ನಡೆಯೋದು ಇದು, ನೀನೇ ನೋಡ್ಕೋಬೇಕು."

ಅಕ್ಕ ತಮಾಷೆಗೆ ಹೇಳುತ್ತಿಲ್ಲ ಎಂದು ಅವಳ ದನಿಯಲ್ಲೇ ಗೊತ್ತಾಯಿತು. ಮಕ್ಕಳು ದೊಡ್ಡವರಾಗಿ ಹೊರಟುಹೋದ ಮೇಲೆ ಇಬ್ಬರೇ ಕೂತು ಉಣ್ಣುವ ಮನೆಯಲ್ಲಿ "ನಿನ್ನಿಷ್ಟ" ಎಂಬ ಒಂದೇ ಉತ್ತರ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಸರಿ ಎಂದೆ. ಇಲ್ಲವೆನ್ನಲು ಅವಳು ನನಗೆ ಬಿಡಬೇಕಲ್ಲ.

ಭಾನುವಾರ ಹತ್ತೂವರೆಗೆ ವ್ಯಾನು ಬಂತು. ಮೊದಲು ಇಳಿದವರು ಹಿರಿಯರ ಕಡೆಯವರು, ಮೂರು ಸಲ ಗೆದ್ದವರು, ಮುಖಕ್ಕಿಂತ ಮೀಸೆ ದೊಡ್ಡದು. ಆಮೇಲೆ ಕಿರಿಯರ ಕಡೆಯವರು, ನಲವತ್ತರ ಪ್ರಾಯ, ಬಿಳಿ ಪ್ಯಾಂಟಿಗೆ ಬಿಳಿ ಶೂ. ನಡುವೆ ನಮ್ಮ ಭಾವ, ಕೈಯಲ್ಲಿ ನನಗೆಂದು ಅಕ್ಕ ಕೊಟ್ಟಿದ್ದ ಹುಳಿಪುಡಿಯ ಡಬ್ಬ. ಮೀಸೆಯವರು ಒಳಗೆ ಬರುವ ಮೊದಲೇ ಗೇಟಿನ ಕಾವಲಿನ ಅಸ್ಕಾರಿಯ ಹತ್ತಿರ ನಿಂತು, ಯಾರನ್ನೂ ಒಳಗೆ ಬಿಡಬೇಡ, ಯಾರನ್ನೂ ಹೊರಗೆ ಬಿಡಬೇಡ ಎಂದು ಕನ್ನಡದಲ್ಲೇ ಆಜ್ಞೆ ಮಾಡಿದರು. ಅಸ್ಕಾರಿ "ಸವಾ, ಸವಾ", ಸರಿ ಸರಿ, ಎಂದು ಸೆಲ್ಯೂಟ್ ಹೊಡೆದ. ಅವನಿಗೆ ಒಂದಕ್ಷರ ತಿಳಿದಿರಲಿಲ್ಲ, ಆದರೆ ಮೀಸೆಯ ಗೌರವಕ್ಕೆ ಅಷ್ಟು ಮಾಡಲೇಬೇಕಿತ್ತು.

"ತಾಯೀ, ಇವತ್ತು ನಿಮ್ಮನೇನೇ ನಮ್ ರೆಸಾರ್ಟು" ಎಂದರು ಮೀಸೆಯವರು.

"ರೆಸಾರ್ಟಲ್ಲಿ ಚಪ್ಪಲಿ ಹೊರಗೆ ಬಿಡ್ಬೇಕು ಸಾರ್" ಎಂದೆ. ನನ್ನ ಗಂಡ ಕೆಮ್ಮಿದರು.

ಸೋಫಾದಲ್ಲಿ ಭಾವನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಎರಡು ಕಡೆ ಒತ್ತಿ ಕೂತರು. ಭಾವ ನೀರು ಕುಡಿಯಲು ಎದ್ದರೆ ಇಬ್ಬರೂ ಎದ್ದರು. ಭಾವ ಬಚ್ಚಲಿಗೆ ಹೋದರೆ ಒಬ್ಬರು ಬಾಗಿಲ ಬಳಿ ನಿಂತರು, ಇನ್ನೊಬ್ಬರು ಹಿತ್ತಲ ಕಡೆಗೆ ಹೋಗಿ ಬಚ್ಚಲ ಕಿಟಕಿಗೆ ಸರಳಿದೆಯೇ ಎಂದು ನೋಡಿ ಬಂದರು. ನನ್ನ ಮಗಳು, ಹದಿನೈದು ವರ್ಷದವಳು, ಅಡುಗೆಮನೆಗೆ ಬಂದು, "ಅಮ್ಮ, ಈಸ್ ದೊಡ್ಡಪ್ಪ ಅಂಡರ್ ಅರೆಸ್ಟ್?" ಎಂದಳು. ಇಲ್ಲ, ಇದು ಪಕ್ಷದ ಪ್ರೀತಿ ಎಂದೆ.

ಹೊರಗೆ ಜಗಲಿಯಲ್ಲಿ ವ್ಯಾನಿನ ಡ್ರೈವರ್ ಕೂತಿದ್ದ. ಚಹಾ ಕೊಡಲು ಹೋದಾಗ ಒಳಗಿನ ಗಲಾಟೆ ಏನೆಂದು ಕೇಳಿದ. ನನ್ನ ಹರಕು ಸ್ವಾಹಿಲಿಯಲ್ಲಿ ವಿವರಿಸಿದೆ. ಅವನು ತುಂಬ ಗಂಭೀರವಾಗಿ ತಲೆಯಾಡಿಸಿ, "ಸಿಯಾಸಾ" ಎಂದ. ರಾಜಕೀಯ ಎಂದರ್ಥ. ಈ ಊರಿನಲ್ಲಿ ಮಟಾಟು ಬಸ್ಸು ಹತ್ತಿದರೂ ತರಕಾರಿ ಕೊಂಡರೂ ಆ ಮಾತು ಕಿವಿಗೆ ಬೀಳುತ್ತದೆ. ನಮ್ಮವರು ಮನೆಯೊಳಗೇ ತಂದಿಟ್ಟಿದ್ದರು, ಅಷ್ಟೇ ವ್ಯತ್ಯಾಸ.

ಹನ್ನೊಂದೂವರೆಯಾಯಿತು. ಮೂವರೂ ತಮ್ಮ ತಮ್ಮ ಫೋನುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು. ವೀಕ್ಷಕರು ಗುಟ್ಟಾಗಿ ಕೇಳುತ್ತಾರೆಂಬುದು ನಿಜ, ಆದರೆ ಗುಟ್ಟಾಗಿ ಮಾತಾಡಲು ಯಾರೂ ಯಾರನ್ನೂ ಬಿಡಲು ತಯಾರಿರಲಿಲ್ಲ. ಎಲ್ಲರೂ ಸ್ಪೀಕರ್ ಹಾಕಿಯೇ ಮಾತಾಡಬೇಕು ಎಂದು ಬಿಳಿ ಶೂ ಹೇಳಿದರು. ಆಗಲಿ ಎಂದರು ಮೀಸೆಯವರು. ಆ ಹೊತ್ತಿಗೆ ನನ್ನ ಫೋನಿನಲ್ಲಿ ಅಕ್ಕ ವಿಡಿಯೋ ಕಾಲ್ ಮಾಡಿದಳು. ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ಅವಳನ್ನೂ ಮೇಜಿನ ತುದಿಯಲ್ಲಿ ಕೂರಿಸಿದೆ. "ನಮಸ್ಕಾರ ಅಕ್ಕಾವ್ರೇ" ಎಂದು ಇಬ್ಬರೂ ಕೈ ಮುಗಿದರು. ಅಕ್ಕ ಅವರೆಕಾಯಿ ಬಿಡಿಸುತ್ತ, "ಮೈಸೂರು ಪಾಕು ಚೆನ್ನಾಗಿತ್ತು, ಎರಡೂ" ಎಂದಳು. ಇಬ್ಬರೂ ಭಾವನ ಮುಖ ನೋಡಿದರು. ಭಾವ ನೆಲ ನೋಡಿದರು.

ಹನ್ನೆರಡಾಯಿತು, ಹನ್ನೆರಡೂವರೆಯಾಯಿತು, ಫೋನಿಲ್ಲ. ನನ್ನ ಗಂಡ ಟಿವಿಗೆ ಇಂಟರ್ನೆಟ್ಟಿನಲ್ಲಿ ಕನ್ನಡ ವಾರ್ತೆ ಹಾಕಿದರು. ಅದು ಎರಡು ನಿಮಿಷ ಓಡುವುದು, ಒಂದು ನಿಮಿಷ ನಿಲ್ಲುವುದು. ಹಸಿವಾದವರನ್ನು ಎಷ್ಟು ಹೊತ್ತು ಕಾಯಿಸಲಿ? ಒಂದು ಗಂಟೆಗೆ ನಾನು ಎಲೆ ಹಾಕಿಯೇಬಿಟ್ಟೆ. ಬಿಸಿ ಮುದ್ದೆ, ಇಲ್ಲಿನ ಊರಕೋಳಿಯ ಸಾರು, ಸುಕುಮಾ ಸೊಪ್ಪಿನ ಪಲ್ಯ, ಮಜ್ಜಿಗೆ. ಮೀಸೆಯವರು ಮೊದಲ ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಯ ಹತ್ತಿರ ತಂದಿದ್ದರು. ಟಿವಿಯಲ್ಲಿ ಪಟಾಕಿ ಸದ್ದು ಕೇಳಿತು. ಕಿರಿಯರ ಕೊರಳಿಗೆ ಎದೆ ಮುಚ್ಚುವಷ್ಟು ದೊಡ್ಡ ಸೇಬಿನ ಹಾರ. ಕೆಳಗೆ ಕೆಂಪು ಪಟ್ಟಿಯಲ್ಲಿ, ನೂತನ ನಾಯಕರ ಸರ್ವಾನುಮತದ ಆಯ್ಕೆ.

ನನ್ನ ಗಂಡ ಟಿವಿಯ ದನಿ ಜೋರು ಮಾಡಿದರು.

"ಅಲ್ಲಾ, ನಮ್ಮನ್ನ ಕೇಳ್ಲೇ ಇಲ್ವಲ್ರೀ!" ಎಂದರು ಬಿಳಿ ಶೂ. ಗೆದ್ದದ್ದು ಅವರ ಕಡೆಯವರೇ ಎಂಬುದು ಅವರ ತಲೆಗೆ ಆಮೇಲೆ ಹೊಳೆಯಿತು. ಹೊಳೆದ ಕೂಡಲೇ ಎಂಜಲು ಕೈಯಲ್ಲೇ ಎದ್ದು ನಿಂತು ಟಿವಿಗೆ ಕೈ ಮುಗಿದರು. ಮೀಸೆಯವರು ಹಿಡಿದ ತುತ್ತನ್ನು ನುಂಗಿದರು. ಇನ್ನೊಂದು ತುತ್ತು ನುಂಗಿದರು. ನೀರು ಕುಡಿದು ಮೀಸೆ ಒರೆಸಿಕೊಂಡರು.

"ಒಳ್ಳೇದೇ ಆಯ್ತು ಬಿಡಿ" ಎಂದರು. "ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ, ಯುವಕರಿಗೆ ಅವಕಾಶ ಕೊಡ್ಬೇಕು ಅಂತ."

ಎರಡು ತುತ್ತು ಮುದ್ದೆ ಇಳಿಯುವಷ್ಟರಲ್ಲಿ ಪಕ್ಷಾಂತರ ಮುಗಿದುಹೋಗಿತ್ತು. ನಾನು ಹನ್ನೊಂದು ವರ್ಷದಿಂದ ಈ ಊರಿನಲ್ಲಿ ಮುದ್ದೆ ಕಟ್ಟುತ್ತಿದ್ದೇನೆ, ಅದಕ್ಕೆ ಇಂಥ ಶಕ್ತಿ ಇದೆಯೆಂದು ಗೊತ್ತಿರಲಿಲ್ಲ. ಮೇಜಿನ ತುದಿಯಲ್ಲಿ ಅಕ್ಕ ಅವರೆಕಾಯಿಯ ತಟ್ಟೆ ಪಕ್ಕಕ್ಕೆ ಸರಿಸಿ, "ಮುಗೀತಾ? ಕೇಳೋದೂ ಇಲ್ಲ, ಹೇಳೋದೂ ಇಲ್ಲ. ಬಚಾವಾದ್ರು ಬಿಡು" ಎಂದಳು. ಅವಳ ಮುಖ ನೋಡಿದಾಗ ನನಗೆ ತಿಳಿಯಿತು, ಅವಳು ನಿಜವಾಗಿಯೂ ಆಸೆ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಬಿಳಿ ಶೂ ಅವರ ಫೋನು ಹೊಡೆದುಕೊಂಡಿತು. ಪಕ್ಷದ ಕಾರ್ಯದರ್ಶಿ. ವೀಕ್ಷಕರು ಪಕ್ಕದಲ್ಲೇ ಇದ್ದಾರೆ, ಕಡತಕ್ಕೆ ಎಲ್ಲ ಶಾಸಕರ ಅಭಿಪ್ರಾಯವೂ ಬೇಕು, ಮೂರೇ ಬಾಕಿ ಎಂದರು. "ಅಮ್ಮ, ಇಫ್ ದೇ ಹ್ಯಾವ್ ಆಲ್ರೆಡಿ ಡಿಸೈಡೆಡ್, ವೈ ಆರ್ ದೇ ಆಸ್ಕಿಂಗ್?" ಎಂದಳು ಮಗಳು. ಉತ್ತರ ಪತ್ರಿಕೆ ತಿದ್ದಿ ಅಂಕ ಕೊಟ್ಟ ಮೇಲೆ ಪ್ರಶ್ನೆ ಕೇಳುವುದನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ, ಹಾಗಾಗಿ ಅವಳ ಎಲೆಗೆ ಇನ್ನಷ್ಟು ಪಲ್ಯ ಬಡಿಸಿದೆ. ಬಿಳಿ ಶೂ ಕಿರಿಯರ ಹೆಸರು ಹೇಳಿದರು. ಮೀಸೆಯವರು ಫೋನು ಬಂದ ಕೂಡಲೇ, ಕೇಳುವ ಮುಂಚೆಯೇ, ಕಿರಿಯರ ಹೆಸರನ್ನು ಎರಡು ಸಲ ಹೇಳಿದರು.

ಆಮೇಲೆ ಭಾವನ ಫೋನು.

"ನಮಸ್ಕಾರ ಮೇಷ್ಟ್ರೇ. ನಿಮ್ದೊಂದು ಅಭಿಪ್ರಾಯ ಬರ್ಕೋಬೇಕಿತ್ತು. ಸುಮ್ನೆ ಫಾರ್ಮಾಲಿಟಿ. ಕಿರಿಯರ ಹೆಸರು ಬರ್ಕೊಂಡ್ಬಿಡ್ಲಾ?"

ಬಿಳಿ ಶೂ ಬಾಯಿ ಅಗಲಿಸಿ, ಶಬ್ದ ಮಾಡದೆ "ಹೂಂ ಅನ್ನಿ" ಎಂದರು. ಮೀಸೆಯವರು ಮೇಜಿನ ಕೆಳಗೆ ಅವರ ತೊಡೆ ಚಿವುಟಿದ್ದು ನನಗೆ ಕಾಣಿಸಿತು. ಭಾವ ಮಜ್ಜಿಗೆ ಕುಡಿದಿಟ್ಟ ಲೋಟವನ್ನು ಕೈಗೆತ್ತಿಕೊಂಡು ಅದರ ತಳ ನೋಡತೊಡಗಿದರು. ಸತ್ತೆವು, ಅದೇ ಲೋಟ, ಅದೇ ತಳ ಎಂದುಕೊಂಡೆ. ಅಕ್ಕ ಕಣ್ಣು ಮುಚ್ಚಿಕೊಂಡಳು.

"ನನ್ನ ಅಭಿಪ್ರಾಯ ಹಿರಿಯರು" ಎಂದರು ಭಾವ.

ಆ ಕಡೆ ಕಾಗದ ಸರಿಸಿದ ಸದ್ದು. ಆಮೇಲೆ, "ಮೇಷ್ಟ್ರೇ, ಹಿರಿಯರು ಅಂದ್ರಾ? ಅಲ್ಲೇನು ಟಿವಿ ಬರಲ್ವಾ?"

"ಬರುತ್ತೆ. ಈಗ ತಾನೆ ನೋಡ್ದೆ."

"ಮತ್ತೆ?"

"ಟಿವೀಲಿ ಬಂದಿದ್ದು ಫಲಿತಾಂಶ. ನೀವು ಕೇಳಿದ್ದು ಅಭಿಪ್ರಾಯ. ಎರಡೂ ಬೇರೆ ಬೇರೆ."

"ಅಯ್ಯೋ ಮೇಷ್ಟ್ರೇ, ಸರ್ವಾನುಮತ ಅಂತ ಪ್ರೆಸ್‌ಗೆ ಕೊಟ್ಟಾಗಿದೆ!"

"ನನ್ನ ಕೇಳೋಕ್ ಮುಂಚೆ ಕೊಟ್ಟಿದ್ದೀರಿ. ತಪ್ಪು ನಿಮ್ದು. ತಿದ್ಕೊಳ್ಳಿ."

ಕಾರ್ಯದರ್ಶಿ ದನಿ ತಗ್ಗಿಸಿದರು. "ನೋಡಿ, ನಿಮ್ಮ ಸಚೇತಕ ಸ್ಥಾನ... ಸಾಹೇಬ್ರ ಮನಸ್ಸಲ್ಲಿತ್ತು ಅದು. ಸುಮ್ನೆ ಯಾಕೆ ಕಲ್ಲು ಹಾಕ್ಕೊಳ್ತೀರಿ?"

"ಗೊತ್ತು. ಬರ್ಕೊಂಡ್ರಾ?"

"ಬರ್ಕೊಂಡೆ."

"ಓದಿ ಹೇಳಿ."

ಕಾರ್ಯದರ್ಶಿ ಗೊಣಗುತ್ತ ಓದಿದರು. ಭಾವ ಕಣ್ಣು ಕಿರಿದು ಮಾಡಿಕೊಂಡು, ಉಕ್ತಲೇಖನ ಕೇಳಿಸಿಕೊಳ್ಳುವ ಮೇಷ್ಟ್ರ ಹಾಗೆಯೇ ಕೇಳಿ, "ಸರಿಯಾಗಿದೆ. ಮಂಗಳವಾರ ಬಂದು ಸಹಿ ಹಾಕ್ತೀನಿ" ಎಂದು ಫೋನಿಟ್ಟರು. ಆಮೇಲೆ ಉಳಿದ ಮುದ್ದೆಗೆ ಕೈ ಹಾಕಿದರು. ತುತ್ತು ಸಾರಿನ ಬಟ್ಟಲಿಗೆ ಜಾರಿ ಬಿತ್ತು.

"ಏನ್ ಮೇಷ್ಟ್ರೇ ಇದು, ಗೆದ್ದಿರೋರನ್ನ ಬಿಟ್ಟು ಸೋತೋರ ಹೆಸರು ಹೇಳ್ತಾರಾ ಯಾರಾದ್ರೂ?" ಎಂದು ಮೀಸೆಯವರು ಹಣೆ ಚಚ್ಚಿಕೊಂಡರು. ಬೆಳಿಗ್ಗೆಯೆಲ್ಲ ಆ ಸೋತವರ ಪರವಾಗಿ ಭಾವನನ್ನು ಬಚ್ಚಲ ಬಾಗಿಲಲ್ಲಿ ಕಾದವರು ಇವರೇ.

"ನಾನು ಮೊದಲ್ನೇ ಸಲ ಸದನದಲ್ಲಿ ಮಾತಾಡ್ದಾಗ ಎಲ್ರೂ ಕ್ಯಾಂಟೀನಿಗೆ ಎದ್ದು ಹೋದ್ರಿ" ಎಂದರು ಭಾವ. "ನೀವೂ ಹೋದ್ರಿ. ಹಿರಿಯರೊಬ್ರೇ ಕೂತಿದ್ರು."

"ಅವರು ನಿದ್ದೆ ಮಾಡ್ತಿದ್ರು ಮೇಷ್ಟ್ರೇ!"

"ಮಾಡ್ತಿದ್ರು. ಆದ್ರೂ ಎದ್ದು ಹೋಗ್ಲಿಲ್ಲ."

ನನ್ನ ಗಂಡ, ಅಳೆದು ತೂಗುವ ಮನುಷ್ಯ, ತಡೆಯಲಾರದೆ ಹೋ ಎಂದು ನಕ್ಕರು. ಸಚೇತಕ ಸ್ಥಾನ ಮುಂದೆ ಮೀಸೆಯವರಿಗೇ ಹೋಯಿತು, ಅದು ಬೇರೆ ವಿಷಯ. ಆ ಹೊತ್ತು ನಾನು ನೋಡುತ್ತಿದ್ದದ್ದು ಉಪ್ಪಿನಕಾಯಿ ಬಾಟಲಿಯ ಕಡೆ. ಅಕ್ಕ ಕಣ್ಣು ಬಿಟ್ಟಿದ್ದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಎಲ್ಲಿಯ ಸಂತೋಷ? ಕೆಂಡವಾಗಿದ್ದಳು.

"ರೀ" ಎಂದಳು. "ಇಷ್ಟು ಬಾಯಿ ಇತ್ತಾ ನಿಮ್ಗೆ? ದಿಲ್ಲಿಯವರಿಗೇ ‘ತಪ್ಪು ನಿಮ್ದು, ತಿದ್ಕೊಳ್ಳಿ’ ಅನ್ನೋರು, ಅವತ್ತು ನಮ್ಮಪ್ಪ ಒಪ್ಪಿಗೆನಾ ಅಂತ ಕೇಳ್ದಾಗ ಆ ಬಾಯಿ ಎಲ್ಲಿ ಅಡವಿಟ್ಟಿದ್ರಿ?"

ಪರರ ಎದುರು ಹೀಗೆ ಕೇಳುತ್ತಾರೆಯೇ ಎಂದು ನನಗೇ ಮುಜುಗರವಾಯಿತು. ಮೀಸೆಯವರು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಪಲ್ಯ ಬಡಿಸಿಕೊಂಡರು. ಭಾವ ಕೈ ತೊಳೆದು, ಪಂಚೆಯ ತುದಿಗೆ ಒರೆಸಿಕೊಂಡು, ಬಂದು ಉಪ್ಪಿನಕಾಯಿ ಬಾಟಲಿಯ ಮುಂದೆ ಕೂತರು.

"ನಮ್ಮ ದೊಡ್ಡಪ್ಪ ಹೇಗೆ ಅಂತ ಗೊತ್ತಲ್ಲ ನಿಂಗೆ" ಎಂದರು ಮೆಲ್ಲಗೆ. "ಬೇಕು ಅಂದ್ರೆ ಬೇಡ ಅನ್ನೋರು. ನಿನ್ನ ನೋಡೋಕೆ ಮುಂಚೆ ಒಂದ್ಸಲ ಸೈಕಲ್ ಬೇಕು ಅಂದೆ, ಕೊಡಿಸ್ಲಿಲ್ಲ. ಬಿ.ಎ. ಆದ್ಮೇಲೆ ಮೈಸೂರಲ್ಲೇ ಓದ್ತೀನಿ ಅಂದೆ, ವಾಪಸ್ ಕರ್ಕೊಂಡು ಬಂದ್ರು. ಅವತ್ತು ನೀನು ಕಾಫಿ ತಂದ್ಕೊಟ್ಟು ಒಳಗೆ ಹೋದೆ. ನಾನು ಒಪ್ಪಿಗೆ ಅಂದಿದ್ರೆ ಅವ್ರು ಅಲ್ಲೇ ಎದ್ದು ಹೊರಟು ಹೋಗೋರು. ಅದಕ್ಕೇ ಅವರ ತಲೆ ಮೇಲೇ ಹಾಕ್ಬಿಟ್ಟೆ. ಅವರದೇ ತೀರ್ಮಾನ ಅಂದ್ರೆ ಅವರು ಬೇಡ ಅನ್ನಲ್ಲ."

ನಾನು ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತಿದ್ದೆ. ಬಾಗಿಲ ಹಿಂದೆ ಅಕ್ಕನ ಪಕ್ಕದಲ್ಲಿ ನಿಂತು, ಅದೇ ದೊಡ್ಡಪ್ಪ ಸಕ್ಕರೆ ಬೇಡ ಎಂದು ಎರಡು ಚಮಚ ಹಾಕಿಕೊಂಡದ್ದನ್ನು ಕಣ್ಣಾರೆ ಕಂಡವಳು ನಾನು. ಗಣಿತ ಕಲಿಸುವವಳು ಬೇರೆ. ಮೂವತ್ತೊಂದು ವರ್ಷ ಎರಡಕ್ಕೆ ಎರಡು ಕೂಡಿಸಲು ಆಗಿರಲಿಲ್ಲ ನನಗೆ.

"ಇದನ್ನ ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?" ಎಂದಳು ಅಕ್ಕ. ದನಿ ಬದಲಾಗಿತ್ತು.

"ನೀನು ಯಾವತ್ತೂ ಕೇಳ್ಲಿಲ್ಲ. ಬೈದೆ, ಅಷ್ಟೇ."

ಫೋನಿನಲ್ಲಿ ಅಕ್ಕನ ಮುಖ ಸರಿದು ಅವರ ಮನೆಯ ಫ್ಯಾನು ಕಾಣಿಸಿತು. ಫೋನನ್ನು ನೆಲದ ಮೇಲೆ ಇಟ್ಟಿದ್ದಳು. ಆ ಫ್ಯಾನು ತಿರುಗುವುದನ್ನೇ ಎಲ್ಲರೂ ನೋಡಿದೆವು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು, ಅವರೆಕಾಯಿ ತಟ್ಟೆ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಅವಳ ದನಿ ಬಂತು.

"ಮಂಗಳವಾರ ಎಷ್ಟು ಹೊತ್ತಿಗೆ ಬರ್ತೀರಿ? ಬಾಗಿಲು ತೆಗೆದೇ ಇಟ್ಟಿರ್ತೀನಿ."